ಸ್ಯಾಂಪಲ್‌ಗೆ ತುಂಬಿಸಿದ ನೀರು

ಚಿಕ್ಕಕುಂಟೆ, ಬೈರಕೂರು ಹೋಬಳಿ
12 ಜೂನ್ 2024

ರಂಜಿ,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದರೆ ಯಾರೋ ಲಾರಿ ಡ್ರೈವರ್ ಎತ್ತಿ, "ಎವರಮ್ಮಾ ನುವ್ವು, ಪೊದ್ದುನ್ನೇ?" ಎಂದು ತೆಲುಗಿನಲ್ಲಿ ರೇಗಿದ, ಬೆಳಬೆಳಿಗ್ಗೆ ಯಾರಮ್ಮ ನೀನು ಅಂತ. ವಿಳಾಸ ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮ ಪಂಚಾಯಿತಿ ಆಫೀಸಿನ ಗೋಡೆಯಲ್ಲಿ. ಊರಿನ ಕುಡಿಯುವ ನೀರಿನ ಪರೀಕ್ಷಾ ವರದಿ ಅಂತ ಒಂದು ಹಾಳೆ ಅಂಟಿಸಿದ್ದರು. "ಕುಡಿಯಲು ಯೋಗ್ಯ" ಎಂದಿತ್ತು. ಕೆಳಗೆ ಮಾಲೂರಿನ ಲ್ಯಾಬ್ ಒಂದರ ಮೊಹರು, ಮೊಹರಿನ ಪಕ್ಕ ಸಹಿ. ಎರಡು ವರ್ಷ ಕೋಲಾರದ ಹಾಸ್ಟೆಲ್ ಮೆಸ್ಸಿನ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೇ ಇರುತ್ತಿದ್ದ ಸಹಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತು ನಕ್ಕುಬಿಟ್ಟೆ. ಗುಮಾಸ್ತರು ನನಗೇನೋ ಆಗಿದೆ ಅಂದುಕೊಂಡರು.

ಹೌದು, ಮಗು. ಮಾರ್ಚ್ ಕೊನೆಯಲ್ಲಿ ಹುಟ್ಟಿದಳು. ಬಾಣಂತನಕ್ಕೆ ಶ್ರೀನಿವಾಸಪುರದಲ್ಲಿ ಅಮ್ಮನ ಮನೆಯಲ್ಲಿದ್ದೆ, ಹೋದ ವಾರ ಗಂಡನ ಮನೆಗೆ ಬಂದೆ. ನಂದೀಶ್‌ಗೆ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ, ಅಲ್ಲೇ ರೂಮು, ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಮನೆಯಲ್ಲಿ ನಾನು, ಮಾವ, ಮಗು. ಅತ್ತೆ ಶಾಮಲಮ್ಮ ನಾನು ಆರು ತಿಂಗಳ ಬಸುರಿಯಾಗಿದ್ದಾಗ ತೀರಿಕೊಂಡರು. ಅವರೇ ಹುಟ್ಟಿ ಬಂದಿದ್ದಾರೆ ಅಂತ ಮಗುವಿಗೂ ಶಾಮಲ ಅಂತಲೇ ಇಟ್ಟರು. ಮಾವ ಅವಳನ್ನು ಏಕವಚನದಲ್ಲಿ ಕರೆಯುವುದೇ ಇಲ್ಲ ಕಣೇ. ಬೆಳಿಗ್ಗೆ ತೊಟ್ಟಿಲ ಹತ್ತಿರ ಬಂದು ಹೆಗಲ ಟವೆಲ್ ತೆಗೆದು, "ಏನು ಶಾಮಲಮ್ಮೋರೇ, ಎದ್ರಾ? ಕೋಪಾನಾ ನಮ್ ಮ್ಯಾಲೆ?" ಅನ್ನುತ್ತಾರೆ. ಮೂವತ್ತೈದು ವರ್ಷ ಅತ್ತೆಯನ್ನು ಗದರಿಸಿದ್ದಕ್ಕೆಲ್ಲ ಈಗ ಲೆಕ್ಕ ತೀರಿಸುತ್ತಿದ್ದಾರೆ ಅಂತ ನಂದೀಶ್ ನಗುತ್ತಾರೆ.

ನಾನು ನಗಲಾರೆ. ಮಗು ಹುಟ್ಟಿದ ಮೇಲೆ ಒಟ್ಟಿಗೆ ಎರಡು ಗಂಟೆ ಮಲಗಿದ ನೆನಪಿಲ್ಲ. ಅವಳ ಉಸಿರು ಎಣಿಸುತ್ತ ಕೂರುತ್ತೇನೆ. ಇಲ್ಲಿ ಫಿಲ್ಟರ್ ನೀರಿನ ಘಟಕಕ್ಕೆ ಬೀಗ ಬಿದ್ದು ಐದು ತಿಂಗಳಾಯಿತಂತೆ. ಹೊಸ ಬೋರ್‌ವೆಲ್ ಹೋದ ವರ್ಷವೇ ಕೊರೆದಿದ್ದರಂತೆ, ಈಗ ಅದರ ನೀರನ್ನೇ ಟ್ಯಾಂಕಿಗೆ ಏರಿಸಿ ನಲ್ಲಿಗೆ ಬಿಡುತ್ತಿದ್ದಾರೆ. ಬೋರ್ ಇರುವುದು ಟೊಮ್ಯಾಟೊ ತೋಟಗಳ ನಡುವೆ, ಸುತ್ತ ತಿಪ್ಪೆಗಳು. ನೀರು ಸಿಹಿಯಾಗಿದೆ, ವಾಸನೆ ಇಲ್ಲ, ಬೇಳೆ ಚೆನ್ನಾಗಿ ಬೇಯುತ್ತದೆ. ಆದರೂ ಹೆದರಿಕೆ. ನೀನು ರಸಾಯನಶಾಸ್ತ್ರ ಓದಿದವಳು, ನಾನು ಬರೀ ಬಿ.ಎ. ಹೇಳು, ನೀನು ಸಹಿ ಹಾಕಿದ್ದು ನಿಜ ತಾನೇ? ಮಗು ಕುಡಿಯುವುದು ನನ್ನ ಎದೆಹಾಲು ಮಾತ್ರ, ಆದರೂ ಕೇಳುತ್ತಿದ್ದೇನೆ.

ನಿನ್ನ
ವಾಣಿ

*

ಮಾಲೂರು
20 ಜೂನ್ 2024

ಲೇ ವಾಣಿ,

ಲ್ಯಾಬಿಗೆ ನನ್ನ ಹೆಸರಿಗೆ ಕಾಗದ! ಕೋರ್ಟ್ ನೋಟೀಸು ಅಂದುಕೊಂಡೆ. ಒಡೆದರೆ ನೀನು. ಶ್ರೀವಾಣಿ ಬಿ.ಎ. ಅಮ್ಮ ಆಗಿಬಿಟ್ಟಳು, ಮೆಸ್ಸಿನ ಚಪಾತಿಗೆ ಅಳುತ್ತಿದ್ದವಳು!

ಭಯ ಬಿಡು. ನಿಮ್ಮೂರಿನ ವರದಿ ತೆಗೆದು ನೋಡಿದೆ. ಫ್ಲೋರೈಡ್ ಮಿತಿಯೊಳಗಿದೆ. ನೈಟ್ರೇಟ್ ಒಂಬತ್ತು, ನಲವತ್ತೈದರ ತನಕ ಇದ್ದರೂ ಪರವಾಗಿಲ್ಲ ಅನ್ನುತ್ತದೆ ನಿಯಮ. ನಿಮ್ಮ ಕಡೆ ಅಂಥ ನೀರು ಸಿಗುವುದೇ ಅಪರೂಪ. ಆದರೂ ಕಾಯಿಸಿ ಆರಿಸಿ ಕುಡಿ, ಮನಸ್ಸಿಗೆ ಸಮಾಧಾನ. ಮಗು ನಿನ್ನ ಹಾಲು ಮಾತ್ರ ಕುಡಿಯುತ್ತಿದ್ದರೆ ಅವಳಿಗೂ ಬೋರ್‌ವೆಲ್ಲಿಗೂ ಸಂಬಂಧವೇ ಇಲ್ಲ.

ಇನ್ನು ಲ್ಯಾಬಿಗೆ ಬರೆಯಬೇಡ, ಮನೆ ವಿಳಾಸ ಹಿಂಬದಿಯಲ್ಲಿದೆ. ನಮ್ಮ ಸಾರ್ ಎಲ್ಲರ ಟಪಾಲನ್ನೂ ಮೂಸಿ ನೋಡುವ ಗಿರಾಕಿ. ಫೋನ್ ನಂಬರೂ ಬರೆದಿದ್ದೇನೆ. ವರದಿ ವಿಷಯ ಬಿಟ್ಟು ಏನು ಬೇಕಾದರೂ ಮಾತಾಡು.

ಸುಮ್ಮನೆ ಕೇಳುತ್ತೇನೆ, ನಿಮ್ಮೂರಲ್ಲಿ ಪರೀಕ್ಷೆಗೆ ಬಾಟಲಿ ತುಂಬಿಸುವವರು ಯಾರು?

ನಿನ್ನ
ರಂಜಿತ

*

ಚಿಕ್ಕಕುಂಟೆ
2 ಜುಲೈ 2024

ರಂಜಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಮ್ಮ ನಂಬರನ್ನು ಹಿಂಬದಿಯಲ್ಲಿ ಬರೆದಿದ್ದೇನೆ, ಆದರೆ ಮನೆಗೆಲ್ಲ ಒಂದೇ ಫೋನು, ಅದು ಮಾವನ ಜೇಬಿನಲ್ಲಿರುತ್ತದೆ, ಕಾಗದವೇ ವಾಸಿ. "ಒಂಬತ್ತು" ಎಂಬ ಅಂಕೆಯನ್ನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೋ. ಮಗು ಸಣ್ಣಗೆ ನರಳಿದರೂ ಒಂಬತ್ತು, ಒಂಬತ್ತು.

ಬಾಟಲಿ ತುಂಬಿಸುವವರು ಬೇರೆ ಯಾರೂ ಅಲ್ಲ, ನಮ್ಮ ಮಾವ. ಮುನಿಯಲ್ಲಪ್ಪ ಅಂದರೆ ಊರಿಗೆಲ್ಲ ನೀರುಗಂಟಿ. ಟ್ಯಾಂಕಿನ ವಾಲ್ವ್ ತೆಗೆಯುವುದು, ಕಟ್ಟುವುದು, ಯಾವ ಬೀದಿಗೆ ಯಾವ ಹೊತ್ತು ನೀರು, ಎಲ್ಲ ಅವರ ಕೈಯಲ್ಲಿ. ಕಾಕಿ ಬಟ್ಟೆಯ ಚೀಲದಲ್ಲಿ ಬಾಟಲಿಗಳು ಬಂದ ದಿನ ಅವರನ್ನು ನೋಡಬೇಕು ನೀನು! ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬಾಟಲಿಯನ್ನು ಎದೆಗೆ ಅವುಚಿಕೊಂಡು ಟಿ.ವಿ.ಎಸ್. ಹತ್ತುತ್ತಾರೆ. ಏಳಕ್ಕೆ ಹೋದವರು ಹತ್ತೂವರೆಗೆ ಬರುತ್ತಾರೆ. ಮದುವೆ ಕಾರ್ಯದಷ್ಟು ಶ್ರದ್ಧೆ.

ನೀನು ಹೇಳಿದಂತೆ ನೀರು ಕಾಯಿಸುತ್ತೇನೆ. ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತೇನೆ, ದಿನಕ್ಕೆ ಏಳೆಂಟು ಸಲ. "ಒಬ್ಳು ಬಾಣಂತಿಗೆ ಇಷ್ಟು ನೀರಾ?" ಅಂತ ಮಾವ ಕೇಳಿದರು. ಬಾಯಾರಿಕೆ ಅಂದೆ. ಬಾಟಲಿ ತೊಳೆದು ಒಣಗಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ನನ್ನ ನೀರಿನ ಬಾಟಲಿ.

ಪಕ್ಕದ ಮನೆಯ ಬೈರಮ್ಮ ದಿನಾ ಬಂದು ನನ್ನ ಎದೆ ನೋಡಿ ಹೋಗುತ್ತಾಳೆ. ಐದು ಮಕ್ಕಳನ್ನು ಹೆತ್ತವಳು. "ಯಾಕಮ್ಮ ಬಾಗ್ಲಾಕ್ಕೊಂಡು ಹಾಲು ಕುಡಿಸ್ತೀಯಾ? ಓದ್ದೋರ ಎದ್ಯಾಗೆ ಹಾಲಿರಲ್ಲ, ಬರೀ ಯೋಚ್ನೆ ಇರ್ತೈತೆ" ಅಂದಳು. ಮೈಯೆಲ್ಲ ಉರಿಯಿತು. ಬಾಗಿಲು ಹಾಕಿಕೊಂಡೇ ಇರುತ್ತೇನೆ, ಏನೀಗ?

ಮಗು ಹುಟ್ಟಿದಾಗ ಗೋಧಿ ಬಣ್ಣ ಇದ್ದಳು, ಇಲ್ಲಿಗೆ ಬಂದ ಮೇಲೆ ಕಪ್ಪಾಗುತ್ತಿದ್ದಾಳೆ. ಅತ್ತೆ ಎಣ್ಣೆಗಪ್ಪು. "ಅವ್ಳ ಎಸ್ರು ಇಟ್ಟ ಮ್ಯಾಲೆ ಅವ್ಳ ಬಣ್ಣ ಬರ್ದಿದ್ರೆ ಎಂಗೆ? ನಮ್ಮೋಳೇ ಬಂದವ್ಳೆ" ಅಂತ ಮಾವನಿಗೆ ಸಂಭ್ರಮ. ಊರೆಲ್ಲ ಹೇಳಿಕೊಂಡು ಬಂದರು.

ವಾಣಿ

*

ಮಾಲೂರು
13 ಜುಲೈ 2024

ವಾಣಿ,

ಕೆಲಸ ಬಹಳ. ತಿಂಗಳಿಗೆ ಇಷ್ಟು ಊರು ಮುಗಿಸಲೇಬೇಕು ಅಂತ ಗುರಿ ಕೊಟ್ಟಿದ್ದಾರೆ. ಒಂದೊಂದು ದಿನ ಬಾಟಲಿಗಳು ಮೇಜಿನಿಂದ ಕೆಳಗಿಳಿದು ಬಾಗಿಲ ತನಕ ಸಾಲು ನಿಲ್ಲುತ್ತವೆ.

ನಿಮ್ಮ ಮಾವ ಟಿ.ವಿ.ಎಸ್. ಹತ್ತಿ ಎಷ್ಟು ದೂರ ಹೋಗುತ್ತಾರೆ? ಬೋರ್‌ವೆಲ್ ಊರಿನಲ್ಲೇ ಇದೆ ಅಂದಿದ್ದೆಯಲ್ಲ, ಅದಕ್ಕೆ ಕೇಳಿದೆ. ಹಳೆಯ ಕಡತಗಳನ್ನೂ ಒಮ್ಮೆ ತಿರುವಿ ನೋಡಿದೆ. ವಿಶೇಷ ಏನೂ ಇಲ್ಲ.

ನೀರನ್ನು ಅಷ್ಟೊಂದು ಕುದಿಸಬೇಡ, ಗ್ಯಾಸ್ ದಂಡ. ಒಂದು ಕುದಿ ಬಂದರೆ ಸಾಕು. ಮಗುವಿಗೆ ಮಾತ್ರ ಒಂದು ಹನಿ ನೀರೂ ಬೇಡ, ಬಜೆ ತೇಯ್ದು ಕೊಡುವುದಕ್ಕೂ ಬೇಡ. ಎದೆಹಾಲು ಮಾತ್ರ ಕೊಡು. ಕೊಡುತ್ತಿದ್ದೀಯ ಅಲ್ಲವಾ? ಮೇಲು ಹಾಲು ಏನೂ ಇಲ್ಲ ಅಲ್ಲವಾ? ನಿಜ ಬರೆ.

ರಂಜಿತ

*

ಚಿಕ್ಕಕುಂಟೆ
22 ಜುಲೈ 2024

ರಂಜಿತ,

ಬೈರಮ್ಮ ಒಬ್ಬಳೇ ಸಾಕಾಗಿತ್ತು. ನೀನೂ ಶುರು ಮಾಡಿದೆಯಾ? "ನಿಜ ಬರೆ" ಅಂತೆ. ಮದುವೆಯಾಗದೆ, ಹೆರದೆ, ಮಾಲೂರಿನಲ್ಲಿ ಕೂತು ನನಗೆ ಹಾಲು ಕುಡಿಸುವುದನ್ನು ಹೇಳಿಕೊಡುತ್ತೀಯ. ಎದೆಹಾಲು ಮಾತ್ರ. ನನ್ನ ಹಾಲು ಮಾತ್ರ. ಸಾಕಾ?

ಕ್ಷಮಿಸು. ನಿದ್ದೆಯಿಲ್ಲದ ತಲೆ.

ಮಗುವಿನ ಉಗುರು ನೇರಳೆಹಣ್ಣು ತಿಂದ ಬಾಯಿಯ ಹಾಗಾಗಿದೆ. ಅತ್ತಾಗ ತುಟಿ ಕೂಡ. ಮುಳಬಾಗಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಹೃದಯದಲ್ಲಿ ಸಣ್ಣ ತೂತು ಇರಬಹುದು, ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿ ಅಂದರು. ಏನು ಕುಡಿಸ್ತೀರಿ ಅಂತಲೂ ಕೇಳಿದರು. ಮಾವ ಪಕ್ಕದಲ್ಲೇ ನಿಂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಅವರೇ, "ತಾಯಿ ಹಾಲು ಸ್ವಾಮಿ, ನಮ್ ಮನ್ಯಾಗೆ ಡಬ್ಬಿ ಹಾಲು ಬಂದೇ ಇಲ್ಲ" ಅಂದರು ಎದೆಯುಬ್ಬಿಸಿ.

ಸ್ಕ್ಯಾನಿಗೆ ಆಗಸ್ಟ್ ಎಂಟಕ್ಕೆ ದಿನ ಕೊಟ್ಟಿದ್ದಾರೆ. "ತೂತೂ ಇಲ್ಲ ಗೀತೂ ಇಲ್ಲ, ಅವ್ಳ ಉಗುರೂ ಇಂಗೇ ಇತ್ತು" ಅನ್ನುತ್ತಾರೆ ಮಾವ. ಅತ್ತೆಯ ಉಗುರು ನಾನು ಸರಿಯಾಗಿ ನೋಡಿಯೇ ಇಲ್ಲ ಕಣೇ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ವಾಣಿ

*

ಮಾಲೂರು
27 ಜುಲೈ 2024

ವಾಣಿ,

ಕೋಪ ಮಾಡಿಕೊಂಡರೂ ಪರವಾಗಿಲ್ಲ, ಒಂದು ಕೆಲಸ ಮಾಡು. ಒಂದು ಲೀಟರಿನ ಹೊಸ ಬಾಟಲಿ ತೆಗೆದುಕೋ. ನಿಮ್ಮ ಅಡುಗೆಮನೆ ನಲ್ಲಿಯಲ್ಲಿ ನೀರು ಐದು ನಿಮಿಷ ಹರಿಯಲು ಬಿಟ್ಟು, ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿಸು. ನೀನೇ ತುಂಬಿಸು. ಮಾವನಿಗೆ ಹೇಳುವುದು ಬೇಡ, ಅವರಿಗೇಕೆ ತೊಂದರೆ. ಭಾನುವಾರ ನಂದೀಶ್ ನರಸಾಪುರಕ್ಕೆ ವಾಪಸು ಬರುವಾಗ ಕೊಟ್ಟು ಕಳಿಸು, ಮಾಲೂರು ಬಸ್‌ಸ್ಟ್ಯಾಂಡಿನಲ್ಲಿ ನಾನೇ ತೆಗೆದುಕೊಳ್ಳುತ್ತೇನೆ.

ಏನೂ ಇಲ್ಲ. ಹೊಸ ಯಂತ್ರ ಬಂದಿದೆ, ಕೈ ಪಳಗಿಸಿಕೊಳ್ಳಬೇಕು, ಅಷ್ಟೇ.

ರಂಜಿತ

*

ಚಿಕ್ಕಕುಂಟೆ
4 ಆಗಸ್ಟ್ 2024

ರಂಜಿ,

ಬಾಟಲಿಯ ಜೊತೆ ಈ ಕಾಗದ. ನಿನ್ನ ಹೊಸ ಯಂತ್ರದ ಕಥೆಯನ್ನು ನಾನು ನಂಬಿಲ್ಲ. ನಂಬಿದ ಹಾಗೆ ಮಾಡಿದ್ದೇನೆ.

ನಿನ್ನೆ ಮಾವ ಉಣ್ಣುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ, ಬಾಟಲಿ ಹಿಡಿದುಕೊಂಡು ಎಲ್ಲಿಗೆ ಹೋಗ್ತೀರಿ ಅಂತ. ಮುದ್ದೆ ಮುರಿಯುತ್ತಲೇ ಹೇಳಿದರು:

"ಗುಡ್ಡದ ಆಚೆ ನಮ್ ಬಾವನ ಮಾವಿನ ತೋಪೈತಲ್ಲ, ಅಲ್ಲಿ ಹಳೇ ಬಾವಿ. ಆ ನೀರು ಕುಡುದ್ರೆ ಹೊಟ್ಟೆ ತಣ್ಗಾಗ್ತೈತೆ."

"ಅವರು ಕೇಳಿದ್ದು ನಮ್ಮೂರ ಬೋರ್ ನೀರಲ್ವಾ ಮಾವ?"

"ಸ್ಯಾಂಪಲ್ ಕೇಳವ್ರೆ ಕಣಮ್ಮ. ನಿಮ್ಮಪ್ಪನ ಊರು ಶ್ರೀನಿವಾಸ್ಪುರ, ನಿಂಗ್ ಗೊತ್ತಿಲ್ವಾ? ಮಾವಿನ ಮಂಡಿಗೆ ಸ್ಯಾಂಪಲ್ ತಗೊಂಡೋಗ್ವಾಗ ಮಚ್ಚೆ ಬಿದ್ದಿರೋ ಕಾಯಿ ಹಾಕ್ತಾರಾ? ಮ್ಯಾಲಿನ ಸಾಲ್ಗೆ ಒಳ್ಳೊಳ್ಳೇದ್ನೇ ಆರಿಸಿ ಇಡ್ತಾರೆ. ದೂರದಿಂದ ಸರ್ಕಾರ್ದೋರು ನಿಮ್ಮೂರ ನೀರು ಒಂದ್ ಬಾಟ್ಲಿ ಕೊಡಿ ಅಂದಾಗ ತಿಪ್ಪೆ ಪಕ್ಕದ ನೀರು ಕೊಟ್ರೆ ಊರ ಮರ್ಯಾದೆ ಏನಾಗ್ಬೇಕು?"

ರಂಜಿ, ಅವರ ಮುಖದಲ್ಲಿ ಒಂದು ಚೂರು ಕಪಟ ಇಲ್ಲ. ಮೂವತ್ತು ವರ್ಷ ಮಂಡಿಗೆ ಹಣ್ಣು ಹಾಕಿದವರಿಗೆ ಸ್ಯಾಂಪಲ್ ಅಂದರೆ ಅದೇ. ಪರೀಕ್ಷೆಗೆ ಕೊಡುವುದು ಅಂತ ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ. ಮುದ್ದೆ ಮುಗಿಸಿ, ತೊಟ್ಟಿಲ ಕಡೆ ತಿರುಗಿ, "ನಿಮ್ ಸೊಸೆ ನನ್ನ ಪೋಲೀಸ್ನೋರಂಗೆ ಕೇಳ್ತಾವ್ಳೆ ನೋಡಿ ಶಾಮಲಮ್ಮೋರೇ" ಅಂದರು.

ಹಾಗಾದರೆ ಗೋಡೆಯ ಮೇಲಿನ ಒಂಬತ್ತು ಮಾವಿನ ತೋಪಿನ ಬಾವಿಯದು. ನಮ್ಮ ನಲ್ಲಿಯದು ಎಷ್ಟು?

ಈಗ ನೀರನ್ನು ಎರಡು ಸಲ ಕುದಿಸುತ್ತೇನೆ. ಕುದಿಸಿ, ಆರಿಸಿ, ಮತ್ತೆ ಕುದಿಸುತ್ತೇನೆ. ಅಷ್ಟು ಕುದಿಸಿದ ಮೇಲೆ ಏನೂ ಉಳಿಯುವುದಿಲ್ಲ, ಅಲ್ಲವಾ?

ಮಗು ಮೊನ್ನೆಯಿಂದ ಅಳುವುದನ್ನು ಕಡಿಮೆ ಮಾಡಿದ್ದಾಳೆ. ಒಳ್ಳೆಯದೇ ಅಂತ ಎಲ್ಲರೂ ಅನ್ನುತ್ತಾರೆ.

ವಾಣಿ

*

ಮಾಲೂರು
6 ಆಗಸ್ಟ್ 2024

ವಾಣಿ,

ನೂರ ನಲವತ್ತೆಂಟು.

ಎರಡು ಸಲ ಮಾಡಿ ನೋಡಿದೆ, ಸಾರ್ ಮನೆಗೆ ಹೋದ ಮೇಲೆ. ನಲವತ್ತೈದು ದಾಟಬಾರದ ನೈಟ್ರೇಟ್ ನೂರ ನಲವತ್ತೆಂಟು. ಗೊಬ್ಬರ, ತಿಪ್ಪೆ, ಮಳೆ ಎಲ್ಲ ಸೇರಿ ಇಳಿದಿದೆ. ಇದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗುವುದಿಲ್ಲ ವಾಣಿ, ಹೆಚ್ಚಾಗುತ್ತದೆ. ನೀರು ಆವಿಯಾಗುತ್ತದೆ, ಇದು ಪಾತ್ರೆಯಲ್ಲೇ ಉಳಿಯುತ್ತದೆ. ಅರ್ಧಕ್ಕಿಳಿಸಿದರೆ ಎರಡರಷ್ಟು. ಕಾಯಿಸಿ ಕುಡಿ ಅಂದವಳು ನಾನೇ. ಗೊತ್ತಿದ್ದೂ ಬಾಯಿಗೆ ಬಂದ ರೂಢಿಯ ಮಾತು ಬರೆದೆ.

ಇನ್ನೊಂದು ಹೇಳುವುದಿದೆ, ಓದಿದ ಮೇಲೆ ಈ ಹಾಳೆ ಹರಿದುಹಾಕು. ಹೋದ ವರ್ಷ ಒಂದು ಸಲ ನಿಮ್ಮ ಮಾವನ ಬದಲು ಬೇರೆ ಯಾರೋ ನಿಮ್ಮೂರ ಬಾಟಲಿ ತುಂಬಿಸಿರಬೇಕು. ಆಗ ನೂರ ಹದಿನೆಂಟು ಬಂದಿತ್ತು. ಈ ವರ್ಷ ಒಂಬತ್ತು. ಬೋರ್‌ವೆಲ್ ನೀರು ತಾನಾಗಿಯೇ ಹಾಗೆ ಶುದ್ಧವಾಗುವುದಿಲ್ಲ. ಬೇರೆ ನೀರು ಅಂತ ನೋಡಿದ ಕ್ಷಣವೇ ತಿಳಿಯಿತು. ಸಾರ್‌ಗೆ ಹೇಳಿದೆ. "ಒಳ್ಳೇದು ಬಂದ್ರೆ ನಿಂಗೇನಮ್ಮ ಹೊಟ್ಟೆಕಿಚ್ಚು? ಟೈಪ್ ಮಾಡು" ಅಂದರು. ಟೈಪ್ ಮಾಡಿದೆ, ಸಹಿ ಹಾಕಿದೆ. ನಿನ್ನ ಮೊದಲ ಕಾಗದ ಬಂದಾಗಲೂ ಇದು ಗೊತ್ತಿತ್ತು.

ದೊಡ್ಡವರಿಗೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಅಪಾಯ ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ. ಪುಡಿ ಹಾಲನ್ನು ಈ ನೀರಿನಲ್ಲಿ ಕಲಸಿದರೆ ಮಗುವಿನ ರಕ್ತ ಉಸಿರನ್ನು ಹೊರುವುದಿಲ್ಲ, ತುಟಿ ಉಗುರು ನೀಲಿಗಟ್ಟುತ್ತವೆ. ನಿನ್ನ ಮಗುವಿನ ಉಗುರಿನ ವಿಷಯ ಓದಿದಾಗ ಮೊದಲು ಇದೇ ನೆನಪಾಯಿತು. ಆದರೆ ಎದೆಹಾಲಿನ ಮಗುವಿಗೆ ಇದರಿಂದ ಹಾಗಾಗುವುದಿಲ್ಲ. ಪುಸ್ತಕ ತೆಗೆದು ಎರಡು ಸಲ ನೋಡಿದೆ, ಆಗುವುದಿಲ್ಲ. ಡಾಕ್ಟರು ಹೇಳಿದಂತೆ ಹೃದಯದ್ದೇ ಇರಬೇಕು, ಎಂಟಕ್ಕೆ ತಪ್ಪದೆ ಸ್ಕ್ಯಾನ್ ಮಾಡಿಸು. ಅವಳು ಬಾಟಲಿ ಹಾಲು ಕುಡಿಯುವವಳಾಗಿದ್ದರೆ ನಾನು ಇದನ್ನು ಅಂಚೆಗೆ ಹಾಕುತ್ತಿರಲಿಲ್ಲ, ಈಗಲೇ ಬಸ್ ಹತ್ತಿ ಬರುತ್ತಿದ್ದೆ.

ಸಂಜೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿಮ್ಮ ಮಾವ ಎತ್ತಿದರು. ಹೆಸರು ಹೇಳದೆ ಇಟ್ಟುಬಿಟ್ಟೆ.

ರಂಜಿ

*

ಕೋಲಾರ, ಆಸ್ಪತ್ರೆಯಿಂದ
14 ಆಗಸ್ಟ್ 2024

ರಂಜಿ,

ನಿನ್ನ ಕಾಗದ ಒಂಬತ್ತನೇ ತಾರೀಕು ಮನೆಗೆ ಬಂತಂತೆ. ನಾವು ಏಳಕ್ಕೇ ಇಲ್ಲಿದ್ದೆವು. ನಂದೀಶ್ ನಿನ್ನೆ ತಂದುಕೊಟ್ಟರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಓದಿದೆ.

ಬದುಕಿದ್ದಾಳೆ. ಅದನ್ನು ಮೊದಲು ಬರೆಯಬೇಕಿತ್ತು.

ಏಳನೇ ತಾರೀಕು ಬೆಳಿಗ್ಗೆ ಹಾಲು ಕುಡಿಸಿ ಮಲಗಿಸಿದೆ. ಹತ್ತು ಗಂಟೆಗೆ ಮಾವ ತೊಟ್ಟಿಲ ಹತ್ತಿರ ಹೋದವರು ಯಾವತ್ತಿನಂತೆ ಕರೆದರು. ಮತ್ತೆ ಕರೆದರು. ಮೂರನೆಯ ಸಲ ಅವರ ದನಿ ಬದಲಾಯಿತು: "ವಾಣೀ, ಇಲ್ಲಿ ಬಾ, ಮಗೂಗೆ ಏನೋ ಆಗೈತೆ." ಅವಳನ್ನು ಅವರು ಮಗು ಅಂದದ್ದು ಅದೇ ಮೊದಲು. ತುಟಿಗಳು ಸೀಸದ ಬಣ್ಣ. ಕೈ ಎತ್ತಿದರೆ ಬಟ್ಟೆಯ ಹಾಗೆ ಬಿತ್ತು.

ಇಲ್ಲಿ ಆಮ್ಲಜನಕ ಕೊಟ್ಟರೂ ಬಣ್ಣ ತಿರುಗಲಿಲ್ಲ. ಡಾಕ್ಟರ್ ಹುಡುಗಿ, ನಮ್ಮಷ್ಟೇ ವಯಸ್ಸಿರಬಹುದು, ರಕ್ತ ತೆಗೆದು ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದು ಕೆಂಪಗಿರಲಿಲ್ಲ ರಂಜಿ. ಕಾಫಿ ಡಿಕಾಕ್ಷನ್ ಹಾಗಿತ್ತು.

"ಏನು ಕುಡಿಸ್ತೀರಿ?"

"ಎದೆಹಾಲು."

"ಬರೀ ಎದೆಹಾಲಾ? ನನ್ನ ಮುಖ ನೋಡಿ ಹೇಳಿ. ನೀವು ಸುಳ್ಳು ಹೇಳಿದ್ರೆ ನಾನು ತಪ್ಪು ಔಷಧಿ ಕೊಡ್ತೀನಿ ಅಷ್ಟೇ."

ಮಾವ ಕುಲಾವಿ ಹಿಡಿದುಕೊಂಡು ಹಿಂದೆ ನಿಂತಿದ್ದರು. ಹೇಳಿದೆ. ಅಮ್ಮನ ಮನೆಯಲ್ಲಿದ್ದಾಗಲೇ ಹಾಲು ಕಡಿಮೆಯಾಯಿತು, ಚಿಕ್ಕಕುಂಟೆಗೆ ಬಂದ ವಾರಕ್ಕೆ ಪೂರ್ತಿ ನಿಂತಿತು. ನಂದೀಶ್ ಪ್ರತಿ ಶನಿವಾರ ನರಸಾಪುರದಿಂದ ಪುಡಿ ಹಾಲಿನ ಡಬ್ಬಿ ತರುತ್ತಿದ್ದರು, ನಾನು ಸೀರೆ ಟ್ರಂಕಿನಲ್ಲಿ ಮುಚ್ಚಿಡುತ್ತಿದ್ದೆ. ಊರಿಗೆ, ಮಾವನಿಗೆ, ಬೈರಮ್ಮನಿಗೆ, ನಿನಗೆ, ಎಲ್ಲರಿಗೂ ಒಂದೇ ಸುಳ್ಳು. ನೀನು "ನಿಜ ಬರೆ" ಅಂದಾಗಲೂ ಅದೇ ಸುಳ್ಳು.

ಡಾಕ್ಟರ್ ಬೈಯಲಿಲ್ಲ. "ಯಾವ ನೀರಲ್ಲಿ ಕಲಸ್ತಿದ್ರಿ?" ಅಂದಳು.

"ನಲ್ಲಿ ನೀರು. ಚೆನ್ನಾಗಿ ಕುದಿಸಿ."

"ಅಯ್ಯೋ" ಎಂದಳು. ಅಷ್ಟೇ. ನೀಲಿ ಬಣ್ಣದ ಒಂದು ಇಂಜೆಕ್ಷನ್ ತರಿಸಿದಳು. ನೀಲಿಗಟ್ಟಿದ ಮಗುವಿಗೆ ಮತ್ತೆ ನೀಲಿಯನ್ನೇ ಏರಿಸುತ್ತಿದ್ದಾರಲ್ಲ ಅಂತ ನಾನು ಕೂಗಿಕೊಂಡೆ, ನರ್ಸ್ ನನ್ನನ್ನು ಹಿಡಿದುಕೊಂಡಳು. ಮುಕ್ಕಾಲು ಗಂಟೆಯಾಗಿರಬಹುದು. ಕಿವಿಯ ತುದಿಯಿಂದ ಶುರುವಾಗಿ ಅವಳು ಕೆಂಪಾಗುತ್ತ ಬಂದಳು. ಗೋಧಿ ಬಣ್ಣ. ಅವಳದೇ ಬಣ್ಣ. ಇಷ್ಟು ದಿನ ನಾವು ಅತ್ತೆಯ ಬಣ್ಣ ಅಂದುಕೊಂಡಿದ್ದು ಆ ನೀರಿನ ಬಣ್ಣ.

ಮಾವ ಮೂರು ದಿನ ವಾರ್ಡಿನ ಹೊರಗೇ ಕೂತಿದ್ದರು. ನನ್ನ ಮೇಲೆ ಕೋಪ ಅಂದುಕೊಂಡೆ. ನಾಲ್ಕನೆಯ ದಿನ ಬೆಂಚಿನ ಆ ತುದಿಯಲ್ಲಿ ಕೂತು, "ನಾನು ನಮ್ ಬೋರ್ ನೀರೇ ಕೊಟ್ಟಿದ್ರೆ ಅವ್ರು ಆವಾಗ್ಲೇ ನಿಲ್ಲುಸ್ತಿದ್ರಾ?" ಎಂದು ಕೇಳಿದರು. ನಿನ್ನ ಕಾಗದ ಓದುವ ತನಕ ಹೌದು ಅಂದುಕೊಂಡಿದ್ದೆ. ಹೋದ ವರ್ಷ ನೂರ ಹದಿನೆಂಟು ಬಂದಾಗ ಯಾರು ನಿಲ್ಲಿಸಿದರು?

ನನ್ನ ಮಗುವನ್ನು ನಾಳೆ ಅಮ್ಮನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಆದರೆ ಎದುರು ಮನೆಯ ಇಶ್ರತ್‌ಗೆ ಹೋದ ತಿಂಗಳು ಗಂಡು ಮಗು. ನಂಗಲಿಯ ತವರಿನಲ್ಲಿದ್ದಾಳೆ, ಹೆರಿಗೆಯಲ್ಲಿ ಜ್ವರ ಬಂದು ಹಾಲು ಹತ್ತಲಿಲ್ಲವಂತೆ, ಅವಳ ಮಗುವಿಗೂ ಡಬ್ಬಿ ಹಾಲು. ಆ ನೀರು ನಿಲ್ಲಬೇಕು. ನೂರ ನಲವತ್ತೆಂಟು ಅಂತ ನಿಮ್ಮ ಲ್ಯಾಬಿನ ಹಾಳೆಯ ಮೇಲೆ ಬರೆದು, ಮೊಹರು ಹಾಕಿ, ಸಹಿ ಮಾಡಿ ಕಳಿಸು. ನಿನ್ನನ್ನು ಬೇರೆ ಏನೂ ಕೇಳುವುದಿಲ್ಲ.

ವಾಣಿ

*

ಮಾಲೂರು
23 ಆಗಸ್ಟ್ 2024

ಶ್ರೀಮತಿ ಶ್ರೀವಾಣಿ ಅವರಿಗೆ,

ಮಾನ್ಯರೇ,

ವಿಷಯ: ಚಿಕ್ಕಕುಂಟೆ ಗ್ರಾಮದ ಕುಡಿಯುವ ನೀರಿನ ಮಾದರಿಯ ಬಗ್ಗೆ.

ತಮ್ಮ ದಿನಾಂಕ 14-8-2024ರ ಪತ್ರಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ತಾವು ಪ್ರಸ್ತಾಪಿಸಿರುವ ಬಾಟಲಿಯು ನಿಗದಿತ ಸಿಬ್ಬಂದಿಯಿಂದ ನಿಗದಿತ ವಿಧಾನದಲ್ಲಿ ಸಂಗ್ರಹಿಸಿದ ಮಾದರಿಯಾಗಿರುವುದಿಲ್ಲ. ಸದರಿ ಬಾಟಲಿಯನ್ನು ಈ ಪರೀಕ್ಷಾಲಯದಲ್ಲಿ ಸ್ವೀಕರಿಸಿದ ಬಗ್ಗೆ ಯಾವುದೇ ದಾಖಲೆ ಇರುವುದಿಲ್ಲ. ಗ್ರಾಮ ಪಂಚಾಯಿತಿಗೆ ಈಗಾಗಲೇ ನೀಡಿರುವ ವರದಿಯು ಊರ್ಜಿತದಲ್ಲಿರುತ್ತದೆ. ಮುಂದಿನ ಪರೀಕ್ಷೆಯನ್ನು ವೇಳಾಪಟ್ಟಿಯಂತೆ ಕೈಗೊಳ್ಳಲಾಗುವುದು.

ತಮ್ಮ ವಿಶ್ವಾಸಿ,
ರಂಜಿತ ಎಂ.
ವಿಶ್ಲೇಷಕಿ

*

ಚಿಕ್ಕಕುಂಟೆ
1 ಸೆಪ್ಟೆಂಬರ್ 2024, ಭಾನುವಾರ

ರಂಜಿ,

ಮಾನ್ಯರೇ ಅಂದಿದ್ದೀಯ. ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎಲ್ಲಾದರೂ ಪೆನ್ಸಿಲಿನಲ್ಲಿ ಒಂದು ಸಾಲು, "ಬೇರೆ ದಾರಿ ಇರಲಿಲ್ಲ ಕಣೇ" ಅಂತಲಾದರೂ ಇರಬಹುದು ಎಂದು. ಇರಲಿಲ್ಲ. ನಿಮ್ಮ ಸಾರ್ ಎದುರಿಗೆ ಕೂತು ಬರೆಸಿರಬೇಕು. ಅಥವಾ ನೀನೇ ಬರೆದಿರಬೇಕು. ಯಾರು ಬರೆದಿದ್ದರೂ ನಲ್ಲಿಯಲ್ಲಿ ಬರುವ ನೀರು ಒಂದೇ.

ಮಗು ಶ್ರೀನಿವಾಸಪುರದಲ್ಲಿ ಅಮ್ಮನ ಹತ್ತಿರ ಇದ್ದಾಳೆ. ಎರಡು ದಿನದ ಮಟ್ಟಿಗೆ ನಾನೊಬ್ಬಳೇ ಬಂದಿದ್ದೇನೆ. ಬಂದ ಮೇಲೆ ತಿಳಿಯಿತು, ಮಾವ ಹೋದ ವಾರ ಟ್ಯಾಂಕಿನ ವಾಲ್ವ್ ತೆಗೆಯಲೇ ಇಲ್ಲವಂತೆ. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರಂತೆ. ಮೊದಲ ದಿನ ಜನ ನಕ್ಕರು. ಎರಡನೆಯ ದಿನ ಬೈದರು. ಬೈರಮ್ಮ ಬಿಂದಿಗೆ ಕುಕ್ಕಿ, "ನಿನ್ ಸೊಸೆಗೆ ಹಾಲಿಲ್ದಿದ್ರೆ ಊರಿಗೆಲ್ಲ ನೀರಿಲ್ದಂಗೆ ಮಾಡ್ತೀಯೇನಯ್ಯ? ನಿನ್ ಮೊಮ್ಮಗೂಗೆ ಹೃದ್ಯದ್ ಕಾಯ್ಲೆ, ಡಾಕ್ಟ್ರೇ ಹೇಳವ್ರಂತೆ" ಅಂದಳಂತೆ. ಮೂರನೆಯ ದಿನ ಪಂಚಾಯಿತಿಯವರು ಬಂದರು. ಮಾವ ನಡೆದದ್ದನ್ನೆಲ್ಲ ಹೇಳಿದರು, ತೋಪಿನ ಬಾವಿಯನ್ನೂ ಸೇರಿಸಿ. "ಲಿಖಿತದಲ್ಲಿ ಏನೈತೆ ಮುನಿಯಲ್ಲಪ್ಪ?" ಎಂದು ಕೇಳಿದರು ಅಧ್ಯಕ್ಷರು. ಲಿಖಿತದಲ್ಲಿ ಇದ್ದದ್ದು ನೀನು ಸಹಿ ಮಾಡಿದ್ದೊಂದೇ. ಕೀಲಿ ಕಿತ್ತುಕೊಂಡು ಕದಿರೇಶ್ ಎಂಬ ಇನ್ನೊಬ್ಬರಿಗೆ ಕೊಟ್ಟರು. ಈಗ ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ನೀರು ಬರುತ್ತಿದೆ, ಮಾವನ ಕಾಲಕ್ಕಿಂತ ಜೋರಾಗಿ. ಎಲ್ಲರಿಗೂ ಖುಷಿ.

ಇವತ್ತು ಮಾವ ಮತ್ತು ನಾನು ಕೂತು ಒಂದು ಅರ್ಜಿ ಬರೆದೆವು. ಮಂಗಳವಾರ ಹನ್ನೊಂದು ಗಂಟೆಗೆ ಮುಳಬಾಗಿಲಿನ ತಾಲ್ಲೂಕು ಕಚೇರಿಗೆ ಕೊಡುತ್ತೇನೆ. ಕೋಲಾರದ ಡಾಕ್ಟರ್ ಕೊಟ್ಟ ಚೀಟಿಯನ್ನು ಲಗತ್ತಿಸಿದ್ದೇನೆ, ರಕ್ತದಲ್ಲಿ ಏನಿತ್ತು ಎಂದು ಅವಳು ಬರೆದುಕೊಟ್ಟಿದ್ದಾಳೆ. ಆದರೆ ನೀರಿನಲ್ಲಿ ಏನಿದೆ ಎಂದು ಬರೆದುಕೊಡುವವರು ಯಾರೂ ಇಲ್ಲ. ನಿನ್ನ ಆರನೇ ತಾರೀಕಿನ ಕಾಗದವನ್ನು ನಾನು ಹರಿದಿಲ್ಲ.

ಹೆಸರುಗಳನ್ನು ಬರೆಯುವಾಗ ಕೈ ನಿಂತಿತು. "ನಂದು ಮೊದ್ಲು ಬರ್ಯಮ್ಮ" ಅಂದರು ಮಾವ. ಬರೆದೆ: ಬೇರೆ ಬಾವಿಯ ನೀರನ್ನು ಊರಿನ ನೀರೆಂದು ಕೊಟ್ಟವರು, ಮುನಿಯಲ್ಲಪ್ಪ. ಎರಡನೆಯದು ನನ್ನದು: ಮಗುವಿಗೆ ಕೊಡುತ್ತಿದ್ದುದನ್ನು ಡಾಕ್ಟರಿಂದಲೂ ಮುಚ್ಚಿಟ್ಟವಳು, ಶ್ರೀವಾಣಿ. ಮೂರನೆಯದು ನಿನ್ನದು. "ತಿಳಿದೂ ಸಹಿ ಹಾಕಿದವಳು" ಎಂದು ಬರೆಯಬಹುದು, ಅದು ನಿಜ. "ತಾನಾಗಿಯೇ ಮತ್ತೆ ಪರೀಕ್ಷಿಸಿ ನಿಜ ಹೇಳಿದವಳು" ಎಂದೂ ಬರೆಯಬಹುದು, ಅದೂ ನಿಜ. ನೀನು ಕಚೇರಿಯ ಬಾಗಿಲಿಗೆ ಬಂದರೆ ಎರಡನ್ನೂ ಬರೆಯುತ್ತೇನೆ. ಬರದಿದ್ದರೆ ಮೊದಲನೆಯದನ್ನು ಮಾತ್ರ ಬರೆದು, ಆರನೇ ತಾರೀಕಿನ ಕಾಗದವನ್ನು ಅದಕ್ಕೆ ಪಿನ್ನು ಮಾಡುತ್ತೇನೆ. ನಿನ್ನ ಕೆಲಸ ಹೋಗುತ್ತದೆ. ಗೊತ್ತು. ಇದನ್ನು ಬರೆಯುವಾಗ ನನಗೆ ನಿನ್ನ ಮೇಲೆ ಕೋಪವಿಲ್ಲ, ಅದೇ ನನಗೆ ಹೆದರಿಕೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಂದೀಶ್ ಇಂದು ಸಂಜೆಯೇ ಮಾಲೂರಿಗೆ ಬಂದು ನಿನ್ನ ಕೈಗೇ ಕೊಡುತ್ತಾರೆ. ಎರಡು ದಿನ ಸಮಯವಿದೆ. ಇಶ್ರತ್‌ಗೆ ಫೋನ್ ಮಾಡಿ ಬರಬೇಡ ಅಂದೆ. "ಎಷ್ಟು ದಿನ ಅಂತ ಅಮ್ಮೀ ಮನೇಲಿ ಇರ್ಲಿ ಅಕ್ಕಾ? ಗೋಡೆ ಮೇಲಿನ ವರದಿ ನೋಡಿ ನೀರು ಚೆನ್ನಾಗೈತೆ ಅಂತ ಆವತ್ತು ನೀವೇ ಹೇಳಿದ್ರಲ್ಲ" ಎಂದಳು. ಬುಧವಾರ ಮಧ್ಯಾಹ್ನದ ಬಸ್ಸಿಗೆ ಮಗುವನ್ನು ಎತ್ತಿಕೊಂಡು ಬರುತ್ತಿದ್ದಾಳೆ. ಅವಳ ಅತ್ತೆ ಇವತ್ತೇ ಮನೆಯೆಲ್ಲ ತೊಳೆದು, ತೊಟ್ಟಿ ತುಂಬಿಸಿ, ಹೊಸ ಪಾತ್ರೆಯೊಂದರಲ್ಲಿ ಮಗುವಿಗೆ ಅಂತ ನೀರು ಹಿಡಿದು ಮುಚ್ಚಿಟ್ಟಿದ್ದಾರೆ.

ವಾಣಿ